ಫ್ಯೂಸಪ್ಪನವರ ಬ್ಯಾಟರಿ ಬೇಟೆ

"ಈ ಬ್ಯಾಟರಿ ರಕ್ತ ಹೀರ್ತಿರೋ ತಿಗಣೆನ ಮೂರು ದಿನದಲ್ಲಿ ಹಿಡೀದೇ ಇದ್ರೆ ನನ್ನ ಹೆಸರು ಫ್ಯೂಸಪ್ಪನೇ ಅಲ್ಲ!"

"ಅದು ಹೇಗೂ ನಿಮ್ಮ ಹೆಸರಲ್ಲವಲ್ರೀ," ಎಂದಳು ಹೆಂಡತಿ, ಶೂ ಲೇಸು ಬಿಚ್ಚುತ್ತ.

ಮಾತು ನಿಜ. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಆಗಿದ್ದ ಅವರಿಗೆ ಆ ಬಿರುದನ್ನು ದಯಪಾಲಿಸಿದವರು ಸಹೋದ್ಯೋಗಿಗಳು. ಕತ್ತಲಾದ ಎಷ್ಟೋ ವಾರ್ಡುಗಳಿಗೆ ಬೆಳಕು ತಂದ ಪುಣ್ಯಾತ್ಮ. ಒಂದೆರಡು ಸಲ ಬೆಳಕಿದ್ದ ವಾರ್ಡುಗಳಿಗೆ ಕತ್ತಲನ್ನೂ ತಂದಿದ್ದರು, ಆ ಮಾತು ಬೇಡ.

ಹೆಂಡತಿಗೆ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ನಲವತ್ತು ದಾಟಿದ ಮೇಲೆ ಸೈಕಲ್ ಹತ್ತಿದವಳು ಆಮೇಲೆ ಇಳಿದದ್ದೇ ಅಪರೂಪ. ಅವಳು ಏರು ಹತ್ತುವುದನ್ನು ಕಂಡರೆ ತಾವು ರಿಪೇರಿ ಮಾಡುವ ಲಿಫ್ಟುಗಳು ನಾಚಿಕೊಳ್ಳಬೇಕು ಎಂದು ಫ್ಯೂಸಪ್ಪನವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಅವಳ ಸೈಕಲ್ಲೂ ಅಂಥದ್ದೇ. ಗೇರ್ ಬದಲಿಸಲು ತಂತಿ ಎಳೆಯುವ ಗೋಜಿಲ್ಲ. ಹ್ಯಾಂಡಲಿನ ಗುಂಡಿ ಒತ್ತಿದರೆ ಸಾಕು, ಹಿಂದಿನ ಚಕ್ರದ ಬಳಿಯ ಪುಟ್ಟ ಮೋಟರು 'ಝುಯ್ಕ್' ಎಂದು ಚೈನನ್ನು ಪಕ್ಕಕ್ಕೆ ದಾಟಿಸುತ್ತದೆ. ಅದಕ್ಕೊಂದು ಬೆಂಕಿಪೊಟ್ಟಣದಷ್ಟು ಬ್ಯಾಟರಿ. ತಿಂಗಳು ಬರಬೇಕಾದದ್ದು ಈಚೆಗೆ ಒಂದೇ ರಾತ್ರಿಗೆ ಉಸಿರು ಬಿಡುತ್ತಿತ್ತು!

ಇನ್ನು ಮೂರು ವಾರಕ್ಕೆ ಬೆಟ್ಟದ ಪಂದ್ಯ. ಹನ್ನೆರಡು ಕಿಲೋಮೀಟರ್ ಏರು, ತೊಂಬತ್ತು ನಿಮಿಷ. ಆಮೇಲೆ ತುದಿಗೆ ಅಡ್ಡಹಗ್ಗ ಕಟ್ಟಿಬಿಡುತ್ತಾರೆ. ಹೋದ ವರ್ಷ ನಾಲ್ಕು ನಿಮಿಷ ತಡವಾಗಿ ಬಂದು ಆ ಹಗ್ಗದ ಮುಂದೆ ನಿಂತಿದ್ದಳು ಆಕೆ. ಅಳಲಿಲ್ಲ. ಮನೆಗೆ ಬರುವವರೆಗೂ ಮಾತೂ ಆಡಲಿಲ್ಲ. ಆ ಮೌನವನ್ನು ಇನ್ನೊಮ್ಮೆ ಕೇಳುವ ಶಕ್ತಿ ಫ್ಯೂಸಪ್ಪನವರಿಗಿರಲಿಲ್ಲ.

ಹಾಗಾಗಿ ಶುರುವಾಯಿತು ಮಹಾಬೇಟೆ!

ಮೊದಲ ದಿನ ಹ್ಯಾಂಡಲಿಗೆ ನೇತುಹಾಕಿದ್ದ ತಮ್ಮ ಹತಾರದ ಚೀಲ ತೆಗೆದು, ಅದರಿಂದ ಮೀಟರು ಹೊರತೆಗೆದು, ಸೈಕಲಿನ ನಾಡಿ ಹಿಡಿದರು. ಎಲ್ಲವೂ ಸರಿ! ಗುಂಡಿ ಸರಿ, ಮೋಟರು ಸರಿ, ಬ್ಯಾಟರಿ ಭರ್ತಿ. ತೃಪ್ತಿಯಿಂದ ಮೀಟರನ್ನು ಚೀಲಕ್ಕೆ ಹಾಕಿ, ಚೀಲವನ್ನು ಮತ್ತೆ ಹ್ಯಾಂಡಲಿಗೆ ಸಿಕ್ಕಿಸಿದರು. ಬೆಳಗ್ಗೆ ನೋಡಿದರೆ ಬ್ಯಾಟರಿ ಖಾಲಿ!

ಎರಡನೇ ದಿನ ಚಾರ್ಜರನ್ನು ಅಪರಾಧಿಯೆಂದು ಸಾರಿ ಬಿಚ್ಚಿದರು. ನಿರಪರಾಧಿಯೆಂದು ತಿಳಿಯುವಷ್ಟರಲ್ಲಿ ಅದು ಸತ್ತಿತ್ತು. ಹೊಸ ಚಾರ್ಜರ್ ಬಂತು. ಬ್ಯಾಟರಿಗೆ ಚಳಿಯಾಗಿರಬಹುದೆಂದು ಸೈಕಲಿನಲ್ಲಿದ್ದಂತೆಯೇ ಉಣ್ಣೆಯ ಕಾಲುಚೀಲ ತೊಡಿಸಿದರು. ಬೆಚ್ಚಗೆ ಮಲಗಿಯೇ ಖಾಲಿಯಾಯಿತು.

ಮೂರನೇ ದಿನ ಮೋಟರಿಗೇ ಕೈ ಹಾಕಿದರು. ಒಂದು ಸ್ಕ್ರೂ ಉರುಳಿ ವಾಷಿಂಗ್ ಮಷೀನಿನ ಕೆಳಗೆ ಸೇರಿತು. ಮಷೀನು ಎಳೆದರು, ಪೈಪು ಕಿತ್ತು ಬಂತು. ಮೊಣಕಾಲಿನವರೆಗೆ ನೆನೆದ ಫ್ಯೂಸಪ್ಪನವರು ವೃತ್ತಿಧರ್ಮ ನೆನಪಾಗಿ ಓಡಿಹೋಗಿ ಇಡೀ ಮನೆಯ ಮೇನ್ ಸ್ವಿಚ್ ತೆಗೆದರು.

ಬಚ್ಚಲಿನಿಂದ ಅವರ ತಾಯಿಯ ದನಿ ಕೇಳಿತು: "ಯಾರೋ ಅದು ಕರೆಂಟ್ ತೆಗೆದಿದ್ದು? ಕಣ್ಣಲ್ಲಿ ಸೋಪಿದೆ!"

"ನಾನೇ ಅಮ್ಮಾ! ಕರೆಂಟು ಎಲ್ಲಿ ಸೋರ್ತಿದೆ ಅಂತ ನೋಡ್ತಿದ್ದೆ!"

"ಸೋರ್ತಿರೋದು ನೀರು ಕಣೋ! ಬಾಗಿಲ ಕೆಳಗಿಂದ ಒಳಗೇ ಬರ್ತಿದೆ!"

ಸಂಜೆಗೆ ನೆಲ ಒಣಗಿತು, ಮೋಟರು ಮತ್ತೆ ಸೈಕಲ್ ಸೇರಿತು. ಆದರೆ ಈಗ ಮೇಲಿನ ಗುಂಡಿ ಒತ್ತಿದರೆ ಗೇರ್ ಕೆಳಗೆ, ಕೆಳಗಿನದು ಒತ್ತಿದರೆ ಮೇಲೆ!

ಹೆಂಡತಿ ಬಯ್ಯಲಿಲ್ಲ. ಪುಟ್ಟ ನೋಟ್‌ಬುಕ್ಕೊಂದನ್ನು ತಂದು ಗಂಡನ ಮುಂದಿಟ್ಟಳು. ಚಾರ್ಜ್ ಮಾಡಿದ ದಿನ, ಖಾಲಿಯಾದ ದಿನ, ಆಗ ಮನೆಯಲ್ಲಿ ಯಾರಿದ್ದರು, ಎಲ್ಲವೂ ದಾಖಲು! ಜ್ವರದ ಮೂಲ ಹುಡುಕುವ ಲ್ಯಾಬಿನ ಶಿಸ್ತು.

"ಹೋದ ತಿಂಗಳು ನೀವು ತಂಗಿ ಮನೆಗೆ ಹೋಗಿದ್ರಲ್ಲ, ಆ ಐದು ದಿನ ಬ್ಯಾಟರಿ ಒಂದು ಚೂರೂ ಇಳಿದಿಲ್ಲ ನೋಡಿ."

"ಅಂದ್ರೆ? ನಾನೇನು ಕರೆಂಟ್ ಕುಡೀತೀನೇನೇ?"

"ನೀವು ಕುಡಿಯಲ್ಲ. ಮನೆಗೆ ಬಂದ ತಕ್ಷಣ ನಿಮ್ಮ ಚೀಲ ಎಲ್ಲಿ ನೇತು ಹಾಕ್ತೀರಿ?"

ಇಬ್ಬರೂ ತಿರುಗಿ ನೋಡಿದರು. ಐದು ಕಿಲೋ ಹತಾರದ ಚೀಲ ಹ್ಯಾಂಡಲಿನಲ್ಲಿ ಜೋಲಾಡುತ್ತಿತ್ತು. ಅದರ ಪಟ್ಟಿ ಗೇರಿನ ಗುಂಡಿಯ ಮೇಲೆ ಆರಾಮವಾಗಿ ಕೂತಿತ್ತು! ಇಡೀ ರಾತ್ರಿ ಗುಂಡಿ ಅಪ್ಪಣೆ ಕೊಡುತ್ತಿತ್ತು, ಬಡಪಾಯಿ ಮೋಟರು ನಿದ್ದೆಗೆಟ್ಟು ಕಾಯುತ್ತಿತ್ತು. ಪರೀಕ್ಷೆಗೆಂದು ಚೀಲ ತೆಗೆದಾಗಲೆಲ್ಲ ರೋಗ ಮಾಯ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನನಗೆ ಹೊಳೀಲೇ ಇಲ್ಲವಲ್ಲೇ!" ಎಂದರು ಫ್ಯೂಸಪ್ಪನವರು. ಅವಮಾನಕ್ಕಿಂತ ಹೆಚ್ಚಾಗಿ ಮಡದಿಯ ಮೇಲೆ ಹೆಮ್ಮೆಯೇ ಉಕ್ಕಿತು.

ಆಕೆ ಗೋಡೆಗೆ ಮೊಳೆ ಹೊಡೆದು ಚೀಲಕ್ಕೆ ಜಾಗ ಮಾಡಿಕೊಟ್ಟಳು. ತಲೆಕೆಳಗಾದ ಗುಂಡಿಗಳನ್ನೂ ತಾನೇ ಸರಿಪಡಿಸಿ ಒಂದೇ ಮಾತು ಹೇಳಿದಳು: "ಪಂದ್ಯ ಮುಗಿಯೋವರೆಗೂ ಸೈಕಲ್ ಮುಟ್ಟಬೇಡಿ."

ಹದಿನೆಂಟು ದಿನ ಮುಟ್ಟಲಿಲ್ಲ! ಎರಡೂ ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ಪ್ರದಕ್ಷಿಣೆ ಹಾಕಿದರು, ಅಷ್ಟೇ. ಬ್ಯಾಟರಿ ಬಂಡೆಯಂತೆ ನಿಂತಿತ್ತು.

ಪಂದ್ಯದ ಬೆಳಗ್ಗೆ ಆಕೆ ಸ್ನಾನಕ್ಕೆ ಹೋದಾಗ ಒಮ್ಮೆ ಇಣುಕಿದರು. ಶೇಕಡಾ ತೊಂಬತ್ತೆರಡು. ತೊಂಬತ್ತೆರಡು! ಇಂಥ ಹೆಂಡತಿಗೆ ಎಂಟು ಕಡಿಮೆಯೇ? ಮೆಲ್ಲಗೆ ಬ್ಯಾಟರಿ ಕಿತ್ತು ಚಾರ್ಜಿಗೆ ಹಾಕಿ, ಖಾಲಿ ಜಾಗಕ್ಕೆ ದೂಳು ಕೂರದಿರಲೆಂದು ಕಪ್ಪು ಮುಚ್ಚಳ ಸಿಕ್ಕಿಸಿದರು. ಅಷ್ಟರಲ್ಲಿ ವ್ಯಾನು ಬಂತು, ಗಡಿಬಿಡಿ ಶುರುವಾಯಿತು, ಸೈಕಲ್ ವ್ಯಾನು ಏರಿತು, ಆಕೆ ಹೊರಟಳು.

ಫ್ಯೂಸಪ್ಪನವರು ಪ್ರೇಕ್ಷಕರ ಬಸ್ಸಿನಲ್ಲಿ ಬೆಟ್ಟದ ತುದಿ ತಲುಪಿದರು. ಪಕ್ಕದವರಿಗೆ ಹೆಂಡತಿಯ ಗುಣಗಾನ ಮಾಡುತ್ತ, ಬೆವರು ಒರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರು.

ಕೈಗೆ ಬಂದದ್ದು ಬ್ಯಾಟರಿ!

ಗಡಿಬಿಡಿಯಲ್ಲಿ ಚಾರ್ಜರಿನಿಂದ ಕಿತ್ತು ಜೇಬಿಗಿಳಿಸಿದ್ದನ್ನು ಸೈಕಲಿಗೆ ಸಿಕ್ಕಿಸಲು ಮರೆತೇಬಿಟ್ಟಿದ್ದರು! ಕಾಲ ಕೆಳಗಿನ ಬೆಟ್ಟವೇ ಕುಸಿದಂತಾಯಿತು. ಕೆಳಗೆ ಹನ್ನೆರಡು ಕಿಲೋಮೀಟರ್ ಏರು, ಗೇರಿಲ್ಲದ ಸೈಕಲ್, ಅದರ ಮೇಲೆ ಅವರ ಮಡದಿ. ಎಪ್ಪತ್ತು ನಿಮಿಷ ಕಳೆಯಿತು. ಎಂಬತ್ತಾಯಿತು. ಒಬ್ಬೊಬ್ಬರೇ ಬಂದು ಮುಟ್ಟಿದರು. ಇಬ್ಬರು ಕಾರ್ಯಕರ್ತರು ಅಡ್ಡ ಕಟ್ಟಲು ಹಗ್ಗದ ಸುರುಳಿ ಬಿಚ್ಚತೊಡಗಿದರು.

ಎಂಬತ್ತಾರನೇ ನಿಮಿಷಕ್ಕೆ ತಿರುವಿನಲ್ಲಿ ನೀಲಿ ಅಂಗಿಯೊಂದು ಕಂಡಿತು. ಸೀಟಿನ ಮೇಲೆ ಕೂತಿಲ್ಲ, ಪೆಡಲಿನ ಮೇಲೆ ನಿಂತಿದ್ದಾಳೆ! ಒಂದೊಂದು ತುಳಿತಕ್ಕೂ ಸೈಕಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದೆ. ಮುಖ ಕೆಂಡ, ಹಲ್ಲು ಬಿಗಿ. ಫ್ಯೂಸಪ್ಪನವರು ನಾಚಿಕೆ, ಭಯ ಎರಡನ್ನೂ ಮರೆತು ಗಂಟಲು ಹರಿಯುವಂತೆ ಕೂಗಿದರು: "ತುಳಿಯೇ! ತುಳೀ!"

ಎಂಬತ್ತೆಂಟನೇ ನಿಮಿಷಕ್ಕೆ ಆಕೆ ಗೆರೆ ದಾಟಿದಳು.

ಒಂದೇ ಗೇರಿನಲ್ಲಿ ಬಂದಳಂತೆ ಎಂಬ ಸುದ್ದಿ ಹಬ್ಬಿ ಜನ ಮುತ್ತಿಕೊಂಡರು, ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಳ್ಳುತ್ತ ಬ್ಯಾನರಿನ ಹಿಂದೆ ಅಡಗಿದ್ದ ಗಂಡನ ಬಳಿಗೆ ಆಕೆ ನೇರವಾಗಿ ಬಂದು ಅಂಗೈ ಚಾಚಿದಳು.

"ಕೊಡಿ."

"ನಿಂಗೆ... ನಿಂಗೆ ಹೇಗೆ ಗೊತ್ತಾಯ್ತೇ?"

"ಮೊದಲನೇ ಏರಲ್ಲೇ ಗೇರ್ ಕೈಕೊಡ್ತು. ಆಗ ನಂಗೆ ಬ್ಯಾಟರಿ ನೆನಪಾಗ್ಲಿಲ್ಲ ರೀ, ನೀವು ನೆನಪಾದ್ರಿ!"

ಫ್ಯೂಸಪ್ಪನವರು ತಲೆ ತಗ್ಗಿಸಿ ಬ್ಯಾಟರಿಯನ್ನು ಆಕೆಯ ಅಂಗೈಯಲ್ಲಿಟ್ಟು, ಕ್ಷೀಣ ಸ್ವರದಲ್ಲಿ ಅರುಹಿದರು:

"ನೂರಕ್ಕೆ ನೂರು ಚಾರ್ಜ್ ಆಗಿದೆ ಕಣೇ..."