ಹಲ್ಕಾ ವರ್ಷದ ಬಾಟಲಿ

ಬಾಟಲಿ ಕೊಳ್ಳುವುದರಲ್ಲಿ ಏನು ಕಷ್ಟವಿದೆ ಎಂದುಕೊಂಡಿದ್ದೆ. ಯಜಮಾನರು ತೀರಿಕೊಂಡು ವರ್ಷ ತುಂಬುತ್ತಿತ್ತು. ಆ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಅವರ ಫೋಟೋದ ಮುಂದೆ ಎಡೆ ಇಡುವುದು ನಮ್ಮ ಪದ್ಧತಿ. ಜೋಳದ ರೊಟ್ಟಿ, ಕೆಂಪು ಚಟ್ನಿ, ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಎಲ್ಲಕ್ಕೂ ಏರ್ಪಾಡಾಗಿತ್ತು. ಬಾಕಿ ಇದ್ದದ್ದು ಪೋರ್ಟ್ ವೈನು.

ನಾನು ಗೋವಾದ ಪರ್ವರಿಯಲ್ಲಿ ಒಬ್ಬ ಮುದುಕ ಪಾತ್ರಾಂವ್ ಮನೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಧಣಿಗೆ ಹಾಗೆ ಅನ್ನುತ್ತಾರೆ. ಪ್ರತಿ ಕ್ರಿಸ್‌ಮಸ್‌ಗೆ ಅವರು ಪೋರ್ಚುಗಲ್ಲಿನ ಪೋರ್ಟ್ ವೈನನ್ನು ಸಣ್ಣ ಶೀಶೆಯಲ್ಲಿ ಹಾಕಿ ಕೊಡುತ್ತಿದ್ದರು. ನಾನು ಸಾಂಕೋಲೆಯ ನಮ್ಮ ಮನೆಗೆ ಒಯ್ದು ಗಂಡನ ಕೈಗೆ ಕೊಡುತ್ತಿದ್ದೆ. ಅವರಿಗೆ ಅದೆಂದರೆ ಪ್ರಾಣ. ಈ ಸಲ ಇಡೀ ಬಾಟಲಿಯನ್ನೇ ಕೊಳ್ಳುತ್ತೇನೆ ಎಂದು ಪಾತ್ರಾಂವ್‌ಗೆ ಹೇಳಿದೆ.

ಅವರು ಕಪಾಟಿನಿಂದ ಎರಡು ಬಾಟಲಿ ತೆಗೆದರು.

"ಇದು ದೊಡ್ಡ ವರ್ಷದ್ದು. ಇನ್ನೂ ಹದಿನೈದು ವರ್ಷ ಮುಟ್ಟಬಾರದು. ನೀನು ಇದನ್ನು ತಗೋ. ಹಲ್ಕೆಂ ವರಸ್."

ಕೊಂಕಣಿಯಲ್ಲಿ ಹಲ್ಕೆಂ ಅಂದರೆ ಹಗುರ. ನನ್ನ ಕಿವಿಗೆ ಬಿದ್ದದ್ದು ಹಲ್ಕಾ. ನಮ್ಮ ಕಡೆ ಹಲ್ಕಾ ಅಂದರೆ ಕೀಳು, ಹೊಡೆದಾಟಕ್ಕೆ ಸಾಕಾಗುವ ಮಾತು. ಚೀಟಿ ನೋಡಿದರೆ ಅದರ ಮೇಲಿದ್ದದ್ದು ನಮ್ಮ ಮದುವೆಯಾದ ವರ್ಷ. ಸಿಟ್ಟಿನಲ್ಲಿ ಕೊಂಕಣಿ ಮರೆತು ಕನ್ನಡವೇ ಬಂತು.

"ಅದು ನಮ್ಮ ಮದಿವಿ ವರ್ಷರಿ. ಹಲ್ಕಾ ಅಂತ ಹೆಂಗ ಅಂತೀರಿ?"

ಪಾತ್ರಾಂವ್ ನನ್ನನ್ನು ಕೂರಿಸಿ ಸಮಾಧಾನದಿಂದ ತಿಳಿಸಿದರು. ಆ ವರ್ಷ ಪೋರ್ಚುಗಲ್ಲಿನಲ್ಲಿ ಬಿಸಿಲು ಕಡಿಮೆ, ವೈನು ಹಗುರ. ಅದಕ್ಕೇ ಬೇಗ ಹದಕ್ಕೆ ಬಂದಿದೆ, ಬೆಲೆಯೂ ಕಡಿಮೆ. ಕಾಯಲು ಆಗದವರು ಕೊಳ್ಳಬೇಕಾದದ್ದು ಇದನ್ನೇ. ರುಚಿಯಲ್ಲಿ ಮೋಸವಿಲ್ಲ.

ಯೋಚಿಸಿದೆ. ಆ ವರ್ಷ ನಮಗೂ ಅಷ್ಟಕ್ಕಷ್ಟೇ. ತಗಡಿನ ಶೆಡ್ಡು, ಇದ್ದದ್ದು ಒಂದೇ ತಾಟು, ಪಾಳಿ ಹಚ್ಚಿ ಉಣ್ಣುತ್ತಿದ್ದೆವು. ಆದರೂ ಮೋಸವಿರಲಿಲ್ಲ. ಕೊಂಡೆ.

"ಕೂಸಿನ ಹಾಗೆ ಒಯ್ಯಿ," ಎಂದು ಕಳಿಸಿದರು. ಅಕ್ಷರಶಃ ಪಾಲಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿ, ಸೆರಗು ಹೊದಿಸಿ, ಸಾಂಕೋಲೆ ಬರುವವರೆಗೂ ಕಾಲು ಅಲುಗಿಸುತ್ತ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಕಡೆಯ ಹೆಂಗಸು ಕೇಳಿದಳು:

"ಎಷ್ಟ ತಿಂಗಳದ್ದ ಯಕ್ಕಾ?"

"ಮದಿವಿ ಆದ ವರ್ಷದ್ದು."

ಆಕೆ ಎದ್ದು ಹಿಂದಿನ ಸೀಟಿಗೆ ಹೋದಳು.

ಮರುದಿನ, ವರ್ಷ ತುಂಬಿದ ದಿನ, ವೆರ್ಣಾದ ಕಾರ್ಖಾನೆಯಿಂದ ಪಾಳಿ ಮುಗಿಸಿ ಮೈದುನ ಬಸವರಾಜ ಬಂದ. ಬೂಚು ತೆಗೆಯಲು ಹೋದೆ, ಪುಡಿಪುಡಿಯಾಯಿತು. ಉಳಿದದ್ದನ್ನು ಲಟ್ಟಣಿಗೆಯ ತುದಿಯಿಂದ ಒಳಗೇ ತಳ್ಳಿದೆ. ಗ್ಲಾಸಿಗೆ ಬಗ್ಗಿಸಿದರೆ ಕಪ್ಪು ಗಸಿ. ಆಮೇಲೆ ಗೊತ್ತಾಯಿತು, ಇಷ್ಟು ಹಳೆಯ ವೈನಿನ ತಳದಲ್ಲಿ ಗಸಿ ಕೂತಿರುತ್ತದಂತೆ, ಅಲುಗಿಸಿದರೆ ಏಳುತ್ತದಂತೆ. ನಾನೋ ದಾರಿಯುದ್ದಕ್ಕೂ ತೂಗಿಕೊಂಡು ಬಂದಿದ್ದೆ.

"ಇದೇನ್ರಿ ವೈನಿ?" ಎಂದ ಮೈದುನ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ.

"ಪೋರ್ಚುಗಲ್ಲಿಂದಪ್ಪ. ಸುಮ್ನಿರು."

"ಅಲ್ಲೂ ಗಟಾರ ಅದಾವೇನ್ರಿ?"

ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆ. ಗಸಿಯ ಜೊತೆ ಚಹಾಪುಡಿಯೂ ಸೇರಿತು. ಹಳೆಯ ಸೀರೆಯ ತುಂಡಿನಲ್ಲಿ ಸೋಸಿದೆ. ಅರ್ಧ ವೈನನ್ನು ಸೀರೆಯೇ ಕುಡಿಯಿತು. ಕೊನೆಗೆ ಉಳಿದ ಒಂದು ಗ್ಲಾಸನ್ನು ರೊಟ್ಟಿಯ ಪಕ್ಕ ಇಟ್ಟು, ಕೈ ಮುಗಿದು ಹೊರಗೆ ಬಂದೆವು. ಹೋದವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರಬೇಕು.

ಕಟ್ಟೆಯ ಮೇಲೆ ಕೂತಾಗ ನನಗೆ ಅಳು ಬಂತು.

"ಹೆಂಗರ ಇರ್ಲಿ, ಅವ್ರಿಗೆ ಸೇರೂದನ್ನ ಇಟ್ಟೆ ಬಸು. ಅಷ್ಟ ಸಾಕು."

ಬಸವರಾಜ ಕಾಲಿನ ಹೆಬ್ಬೆರಳಿನಿಂದ ನೆಲ ಕೆದರಿದ.

"ವೈನಿ, ಒಂದ ಮಾತು. ಸಿಟ್ಟಾಗಬಾರ್ದು."

"ಹೇಳು."

"ಅಣ್ಣಗ ಅದು ಸೇರ್ತಿದ್ದಿಲ್ರಿ. ಕೆಮ್ಮಿನ ಔಷಧದಂಗ ಐತಿ ಅಂತಿದ್ದ. ನೀವು ಅಷ್ಟ ದೂರದಿಂದ ಆಸೆಲೇ ತರ್ತೀರಂತ ಪ್ರತಿ ವರ್ಷ ನುಂಗ್ತಿದ್ದ."

ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದೇನೆ ಎಂದುಕೊಂಡು ಮೈದುನ ನೀರು ತಂದ. ನಾನು ನಗುತ್ತಿದ್ದೆ. ಸ್ವಲ್ಪ ಅಳುತ್ತಲೂ ಇದ್ದೆ.

ಮನುಷ್ಯ ಸತ್ತು ವರ್ಷವಾದರೂ ನಾನು ಅದನ್ನು ಕುಡಿಸುವುದು ಬಿಟ್ಟಿರಲಿಲ್ಲ. ಪಾಪ, ತಪ್ಪಿಸಿಕೊಳ್ಳದಂತೆ ಬಾಗಿಲು ಬೇರೆ ಹಾಕಿದ್ದೆ.