ಕತ್ತೆಯ ರೆಕ್ಕೆಯ ಬಣ್ಣ

ನಡುವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಭಕ್ತಿ ಬರುತ್ತದೆ. ನನಗೆ ಇಂಟರ್‌ಪ್ರಿಟರ್ ಬಂತು. ಶಿಗ್ಗಾಂವದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಕನ್ನಡದಲ್ಲಿ ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿ ನಡೆಸುವ ಇಂಥದೊಂದು ತಂತ್ರಾಂಶವನ್ನು ಯಾರೂ ಕೇಳದಿದ್ದರೂ ಕಟ್ಟಿದೆ. ಬಳಸುವವರು ಬೇಕಲ್ಲ? ತಡಸದ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಗಿರಿಜಾಳ ಕೊರಳಿಗೆ ಕಟ್ಟಿದೆ. ಶನಿವಾರ ಪಾಲಕರ ಮುಂದೆ ಅದರ ಪ್ರದರ್ಶನವೆಂದು ಅವಳು ಸಾರಿಯೂಬಿಟ್ಟಳು.

ಅವಳ ತರಗತಿಯ ಮಕ್ಕಳು ಕತ್ತೆಯ ವಿವರ ತುಂಬಿ ಪ್ರೋಗ್ರಾಮ್ ಬರೆದಿದ್ದರು. ಅದನ್ನು ಅವಳು ಮನೆಯಲ್ಲಿ ಓಡಿಸಿ ನೋಡಿದಳು. ‘ಕತ್ತೆಗೆ ಕೋಡು ಇದೆಯೇ?’ ಎಂಬುದಕ್ಕೆ ‘ಇಲ್ಲ’ ಎಂದು ಸರಿಯಾಗಿಯೇ ಬಂತು. ಮುಂದಿನ ಸಾಲಿನಲ್ಲಿ ಕತ್ತೆಯ ಬಣ್ಣ ಕೇಳಿದರೆ, ‘ತಪ್ಪು: ಕತ್ತೆಗೆ ಕೋಡಿಲ್ಲ’ ಎಂದು ಯಂತ್ರ ನಿಂತುಬಿಟ್ಟಿತು.

“ನಾ ಬಣ್ಣ ಕೇಳೇನ್ರಿ, ಇದು ಕೋಡಿಲ್ಲ ಅನ್ನಾಕತ್ತೈತಿ,” ಎಂದಳು ಗಿರಿಜಾ.

“ನೀ ಟೈಪ್ ಮಾಡೂದ್ರಾಗ ತಪ್ಪಿರಬೇಕು ನೋಡು.”

ಅವಳು ಪಲ್ಯದ ಬೋಗುಣಿಯನ್ನು ಕೆಳಗಿಟ್ಟ ಸದ್ದಿಗೆ ನಾನೇ ಹೋಗಿ ನೋಡಿದೆ. ಕೋಡು ಹುಡುಕಿ ಸಿಗದಾಗ ಯಂತ್ರ ಒಂದು ತಪ್ಪನ್ನು ಗುರುತುಹಾಕಿಕೊಳ್ಳುತ್ತಿತ್ತು. ‘ಇಲ್ಲ’ ಎಂದು ಉತ್ತರ ಕೊಟ್ಟ ಮೇಲೆ ಆ ಗುರುತನ್ನು ಅಳಿಸಬೇಕಿತ್ತು, ನಾನು ಅಳಿಸಿರಲಿಲ್ಲ. ಬಣ್ಣ ಸಿಕ್ಕಿದರೂ, ಹಳೆಯ ತಪ್ಪನ್ನು ಕಂಡ ಯಂತ್ರ ಅದು ಬಣ್ಣದ್ದೇ ಎಂದುಕೊಂಡು ಕೂಗುತ್ತಿತ್ತು. ಪ್ರತಿ ಹುಡುಕಾಟಕ್ಕೆ ಮೊದಲು ಇದ್ದಬದ್ದ ತಪ್ಪನ್ನೆಲ್ಲ ಅಳಿಸುವಂತೆ ಮಾಡಿದೆ. ಕತ್ತೆ ಬೂದುಬಣ್ಣಕ್ಕೆ ಬಂತು.

ಶನಿವಾರ ಪಾಲಕರೆಲ್ಲ ನೋಡುತ್ತಿರುವಾಗ ಹೆಡ್‌ಮಾಸ್ತರರು ಯಂತ್ರವನ್ನು ಪರೀಕ್ಷಿಸಲೆಂದು ಕತ್ತೆಯ ರೆಕ್ಕೆಯ ಬಣ್ಣ ಕೇಳಿದರು. ರೆಕ್ಕೆ ಸಿಗಲಿಲ್ಲ. ಬಣ್ಣ ಹುಡುಕುವ ಮೊದಲು ಯಂತ್ರ ಆ ತಪ್ಪನ್ನು ವಿಧೇಯವಾಗಿ ಅಳಿಸಿಕೊಂಡು, ಕೈಯಲ್ಲಿದ್ದ ಕತ್ತೆಯ ಬಣ್ಣವನ್ನೇ ಹೇಳಿತು: ‘ಬೂದು.’

ಹೆಡ್‌ಮಾಸ್ತರರು ಮೃದುವಾಗಿ, “ಸರ, ನಮ್ಮೂರ ಕತ್ತಿ ಹಾರಂಗಿಲ್ರಿ,” ಎಂದರು. ಶಿಗ್ಗಾಂವ ಬರುವವರೆಗೆ ಗಿರಿಜಾ ಬಸ್ಸಿನ ಕಿಟಕಿಯನ್ನೇ ನೋಡುತ್ತಿದ್ದಳು. ನಮ್ಮ ಸೀಟಿನ ಕಿಟಕಿಯಲ್ಲಿ ಗಾಜಿನ ಬದಲು ತಗಡು ಇತ್ತು.

ಭಾನುವಾರ ಕುಳಿತು ಸರಿಮಾಡಿದೆ. ‘ಇದೆಯೇ?’ ಎಂದು ಕೇಳಿದಾಗ ಹುಟ್ಟುವ ‘ಸಿಗಲಿಲ್ಲ’ ಎಂಬ ತಪ್ಪನ್ನು ಮಾತ್ರ ಅಲ್ಲೇ ಅಳಿಸುವುದು. ಬೇರೆ ಯಾವ ತಪ್ಪಾದರೂ ಅಲ್ಲೇ ನಿಂತು ಹೇಳುವುದು. ಈ ಸಲ ಪರೀಕ್ಷಿಸಲು ಗಿರಿಜಾಳನ್ನೇ ಕರೆದೆ. ಅವಳು ಕತ್ತೆಯನ್ನು ಬಿಟ್ಟು, ಗಂಡನ ವಿವರವನ್ನು ತನಗೆ ತಿಳಿದಂತೆ ತುಂಬಿ ಹೊಸ ಪ್ರೋಗ್ರಾಮ್ ಬರೆದಳು: ‘ಗಂಡನಿಗೆ ತಪ್ಪು ಒಪ್ಪಿಕೊಳ್ಳುವ ಗುಣ ಇದೆಯೇ? ಗಂಡನ ಹೆಸರು ಹೇಳು.’

ಯಂತ್ರ ಒಂದಿಷ್ಟೂ ತಡವರಿಸದೆ ‘ಇಲ್ಲ’ ಎಂದಿತು. ಮುಂದಿನ ಸಾಲಿಗೆ ಹೋಗಿ ನನ್ನ ಹೆಸರನ್ನು ಒಂದಕ್ಷರವೂ ತಪ್ಪದೆ ಹೇಳಿತು.

“ಬರೋಬ್ಬರಿ ಐತೇನ್ರಿ?” ಎಂದಳು.

ಕಟ್ಟಿದವನು ನಾನೇ. ಬರೋಬ್ಬರಿ ಐತಿ ಎನ್ನದೆ ಬೇರೆ ದಾರಿ ಇರಲಿಲ್ಲ.