ಕಡತದಲ್ಲಿ ಉಳಿದ ಬರ್ಫ

ಭಾಲ್ಕಿ, ೪ ಜುಲೈ ೧೯೪೯

ಇಂದ: ಫಕ್ರೋದ್ದೀನ, ಹಡಗಿನ ಮಾಜಿ ಖಲಾಸಿ, ಭಾಲ್ಕಿ. (ನನಗೆ ಉರ್ದು ಬರವಣಿಗೆ ಮಾತ್ರ ಬರುವ ಕಾರಣ, ಕನ್ನಡದಲ್ಲಿ ಬರೆದುಕೊಟ್ಟವರು ನೆರೆಮನೆಯ ಮಡೆಪ್ಪ ಮಾಸ್ತರ.)

ಗೆ: ವಿಚಾರಣಾ ಕಡತಗಳ ಅಧಿಕಾರಿಗಳು, ಬೀದರ.

ವಿಷಯ: ನಾನೇ ಕೊಟ್ಟ ಹೇಳಿಕೆಯ ನಕಲು ದೊರಕಿಸುವ ಕುರಿತು.

ಉಲ್ಲೇಖ: ಪೊಲೀಸ್ ಕಾರ್ಯಾಚರಣೆಯ ನಂತರ ಜಪ್ತಾದ ನೋಟುಬುಕ್ಕು, ಒಂದು.

ಮಾನ್ಯರೇ,

೧. ದಕ್ಷಿಣ ಧ್ರುವದ ಸಮುದ್ರದಲ್ಲಿ ತಿಮಿಂಗಿಲ ಬೇಟೆಯಾಡುವವರಿಗೆ ಎಣ್ಣೆ ಒಯ್ಯುವ ಹಡಗಿನಲ್ಲಿ ನಾನು ಎರಡು ವರ್ಷ ದುಡಿದೆ. ಕಂಬ ಹತ್ತಿ, ಕಾಣುವಷ್ಟು ಸಮುದ್ರವನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಿ, ಎಷ್ಟು ಪಾಲಿಗೆ ಬರ್ಫ (ಮಂಜುಗಡ್ಡೆ) ಮುಚ್ಚಿದೆ ಎಂದು ಕೂಗಿ ಹೇಳುವುದು ನನ್ನ ಕೆಲಸ. ಅದನ್ನು ಹಡಗಿನ ಸಾಹೇಬರು ದಫ್ತರದ ಪುಸ್ತಕದಲ್ಲಿ ಬರೆಯುತ್ತಿದ್ದರು. ಕೆಳಗಿಳಿದ ಮೇಲೆ ನಾನೂ ನನ್ನ ಬುಕ್ಕಿನಲ್ಲಿ ಬರೆಯುತ್ತಿದ್ದೆ.

೨. ಕಳೆದ ಅಕ್ಟೋಬರದಲ್ಲಿ ನನ್ನ ಮನೆ ತಪಾಸಣೆಯಾಯಿತು. ಬುಕ್ಕಿನಲ್ಲಿ ‘೪/೧೦, ದೊಡ್ಡವು ೧೨’ ಎಂದು ಇದ್ದ ಕಾರಣ, ರಜಾಕಾರರ ಶಸ್ತ್ರಾಸ್ತ್ರಗಳ ಲೆಕ್ಕವೆಂದು ಶಂಕಿಸಿ ನನ್ನನ್ನು ಹತ್ತೊಂಬತ್ತು ದಿನ ಠಾಣೆಯಲ್ಲಿ ಇಡಲಾಯಿತು.

“ದೊಡ್ಡವು ಹನ್ನೆರಡು ಅಂದ್ರ ತೋಪೇನು?” ಎಂದು ಜಮಾದಾರರು ಕೇಳಿದರು.

“ಅಲ್ರಿ ಸಾಹೇಬ್ರ, ಬರಫಿನ ಗುಡ್ಡರಿ. ಸಮುದ್ರದಾಗ ತೇಲ್ತಾವರಿ.”

“ಗುಡ್ಡ ಹ್ಯಾಂಗ ತೇಲ್ತದ?”

ಬುತ್ತಿ ತಂದಿದ್ದ ನನ್ನ ಹೆಂಡತಿ ಬಿಸ್ಮಿಲ್ಲಾಬೀ ಬಾಗಿಲಲ್ಲೇ ನಿಂತು, “ಅವರು ಕಂಡದ್ದೇ ಹೇಳ್ತಾರರಿ. ಮದಲ ನನಗೂ ಖರೇ ಅನಿಸಿರಲಿಲ್ಲರಿ” ಎಂದಳು. ಆದ್ದರಿಂದ ಆಕೆಯನ್ನೂ ಸಂಜೆಯವರೆಗೆ ಕೂಡ್ರಿಸಲಾಯಿತು.

೩. ಬುಕ್ಕಿನ ಒಂದೊಂದು ಸಾಲಿನ ಅರ್ಥ ಕೇಳಿ, ನಾನು ಹೇಳಿದ್ದನ್ನೆಲ್ಲ ತಾರೀಖು ಸಹಿತ ಮುನ್ಶಿ ಬರೆದುಕೊಂಡರು. ಕೊನೆಗೆ ಅಪಾಯಕಾರಿಯಲ್ಲವೆಂದು ನನ್ನನ್ನು ಬಿಡಲಾಯಿತು. ಅಪಾಯಕಾರಿಯೆಂದು ಬುಕ್ಕನ್ನು ಸುಡಲಾಯಿತು.

೪. ಈಗ ಹಡಗಿನ ಸಾಹೇಬರ ಪತ್ರ ಬಂದಿದೆ. ಹಡಗು ಮುಳುಗಿ ದಫ್ತರವೂ ಹೋಗಿದೆ. ಆ ಸಮುದ್ರದ ಬರ್ಫ ವರ್ಷದಿಂದ ವರ್ಷಕ್ಕೆ ಹೆಚ್ಚಿದೆಯೋ ಇಳಿದಿದೆಯೋ ತಿಳಿಯಲು ನಿನ್ನ ಬುಕ್ಕೊಂದೇ ಗತಿ, ಕಳುಹಿಸು ಎಂದಿದ್ದಾರೆ. ಅಷ್ಟೂ ಅಂಕಿಗಳು ನನಗೆ ಬಾಯಿಪಾಠವಿಲ್ಲ. ಹೀಗಾಗಿ ಆ ಎರಡು ವರ್ಷದ ಬರ್ಫ ಈಗ ತಮ್ಮ ಕಡತದಲ್ಲಿ ಮಾತ್ರ ಇದೆ.

ಆದ್ದರಿಂದ ನನ್ನ ಹೇಳಿಕೆಯ ನಕಲನ್ನು ಮೊಹರು ಹಾಕಿ ಕೊಡಬೇಕಾಗಿ ವಿನಂತಿ.

ಈಗ ತಮ್ಮ ವಿಶ್ವಾಸಕ್ಕೆ ಪಾತ್ರನಾದ,
ಫಕ್ರೋದ್ದೀನ

ಲಗತ್ತು: ಸಾಹೇಬರ ಪತ್ರ, ನನ್ನ ಬಿಡುಗಡೆ ಚೀಟಿ.

ಮತ್ತೊಂದು ವಿನಂತಿ: ೧೯೪೭ರ ಡಿಸೆಂಬರ ೧೧ರಂದು ಬರ್ಫ ಇದ್ದದ್ದು ಐದು ಪಾಲು. ಜಮಾದಾರರು “ಕಡಿಮಿ ಹೇಳ್ಲತ್ತಿ” ಎಂದು ಹೊಡೆದ ಮೇಲೆ ನಾನು ಒಂಬತ್ತು ಎಂದು ಒಪ್ಪಿಕೊಂಡಿದ್ದೇನೆ. ನಕಲು ಕೊಡುವಾಗ ದಯಮಾಡಿ ಐದಕ್ಕೆ ಇಳಿಸಿ ಕೊಡುವುದು.